ಯಾವ ವಿಸ್ಕಿ, ಯಾರಿಗೆ? ಕಲಬುರಗಿ–ಬೀದರ್ ಕಡೆಯವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಕಲಬುರಗಿಯ ಯಾವುದೇ ವೈನ್ ಶಾಪಿನ ಕೌಂಟರ್ ಎದುರು ನಿಂತು ಒಳ್ಳೆಯ ವಿಸ್ಕಿ ಯಾವುದೆಂದು ಕೇಳಿದರೆ, ಬರುವ ಉತ್ತರ ಸಾಮಾನ್ಯವಾಗಿ ಬೆಲೆಯ ಕ್ರಮದಲ್ಲೇ ಇರುತ್ತದೆ: ಇಷ್ಟು ಕೊಟ್ಟರೆ ಇದು, ಇನ್ನಷ್ಟು ಕೊಟ್ಟರೆ ಅದು, ಅದಕ್ಕೂ ಮೇಲೆ ‘ಫಾರಿನ್’. ಈ ಕ್ರಮದಲ್ಲಿ ಆರಿಸಿಕೊಳ್ಳುವವರು ವರ್ಷಗಟ್ಟಲೆ ಕುಡಿದರೂ ತಮಗೆ ಹಿಡಿಸಿದ ಗುಣ ಯಾವುದೆಂದು ಹೇಳಲಾರರು. ವಿಸ್ಕಿಯ ಶೈಲಿಯನ್ನು ನಿರ್ಧರಿಸುವುದು ಮುಖ್ಯವಾಗಿ ಮೂರು ಸಂಗತಿಗಳು: ಅದನ್ನು ಯಾವ ಧಾನ್ಯದಿಂದ ಬಟ್ಟಿ ಇಳಿಸಿದ್ದಾರೆ, ಆ ಧಾನ್ಯಕ್ಕೆ ಹೊಗೆ ತಾಗಿದೆಯೇ, ಮತ್ತು ಯಾವ ಪೀಪಾಯಿಯಲ್ಲಿ, ಎಂಥ ಹವೆಯಲ್ಲಿ ಮಾಗಿಸಿದ್ದಾರೆ. ಇವುಗಳಲ್ಲಿ ಎರಡು ಸಮಾನವಾಗಿದ್ದು ಒಂದು ಮಾತ್ರ ಬೇರೆಯಾಗಿರುವ ಜೋಡಿಯನ್ನು ಹುಡುಕಿ, ಪಕ್ಕಪಕ್ಕದಲ್ಲಿಟ್ಟು ನೋಡುವುದೇ ನೇರವಾದ ದಾರಿ ಎಂಬುದು ಈ ಬರಹದ ನಿಲುವು. ಹಾಗೆ ನೋಡಿದವರಿಗೆ ಮುಂದಿನ ಬಾಟಲಿಯನ್ನು ಆರಿಸುವುದು ಕಷ್ಟವಾಗುವುದಿಲ್ಲ.

ಇದು 21 ವರ್ಷ ದಾಟಿದ, ಈಗಾಗಲೇ ಕುಡಿಯುವ ರೂಢಿಯಿರುವವರಿಗಾಗಿ ಬರೆದದ್ದು. ಕುಡಿಯದವರು ಇದನ್ನೋದಿ ಆರಂಭಿಸುವ ಅಗತ್ಯ ಖಂಡಿತ ಇಲ್ಲ. ಮದ್ಯಪಾನದಲ್ಲಿ ಸುರಕ್ಷಿತ ಪ್ರಮಾಣವೆಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಇಲ್ಲಿ ಸೂಚಿಸುವ ಹೋಲಿಕೆಗಳಿಗೆ ಒಂದು ಗ್ಲಾಸಿಗೆ 15 ಎಂ.ಎಲ್. ಸಾಕು, 60ರ ಪೆಗ್ ಬೇಕಿಲ್ಲ.

ಧಾನ್ಯವೋ, ಕಾಕಂಬಿಯೋ

ಬೀದರಿನ ಕಬ್ಬಿನ ಸೀಮೆಯವರಿಗೆ ಕಾಕಂಬಿಯನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಕಾರ್ಖಾನೆಯಲ್ಲಿ ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಆ ಕಪ್ಪು ಪಾಕವನ್ನು ಹುದುಗಿಸಿ, ಎತ್ತರದ ಕಾಲಮ್ ಬಟ್ಟಿಗಳಲ್ಲಿ ಸುಮಾರು ಶೇ. 96ರ ಮಟ್ಟಕ್ಕೆ ಶುದ್ಧೀಕರಿಸಿದರೆ ರುಚಿ–ವಾಸನೆಗಳು ಬಹುತೇಕ ಹೋಗಿಬಿಟ್ಟ ಮದ್ಯಸಾರ ದೊರೆಯುತ್ತದೆ. ಮದ್ಯೋದ್ಯಮದಲ್ಲಿ ಇದನ್ನು ಇ.ಎನ್.ಎ. ಎನ್ನುತ್ತಾರೆ. ನಮ್ಮ ದೇಶದ ಕಡಿಮೆ ಬೆಲೆಯ ವಿಸ್ಕಿಗಳಲ್ಲಿ ಬಹಳಷ್ಟು ಈ ಮದ್ಯಸಾರವನ್ನೇ ಆಧಾರವಾಗಿಟ್ಟುಕೊಂಡು, ಅದಕ್ಕೆ ಸ್ವಲ್ಪ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ), ಬಣ್ಣ ಮತ್ತು ಪರಿಮಳ ಕೂಡಿಸಿ ಸಿದ್ಧಪಡಿಸಿದವು. ಐರೋಪ್ಯ ಒಕ್ಕೂಟದ ಕಾನೂನಿನ ಪ್ರಕಾರ ವಿಸ್ಕಿ ಎನಿಸಿಕೊಳ್ಳಬೇಕಾದರೆ ಅದರ ಮೂಲ ಧಾನ್ಯವೇ ಆಗಿರಬೇಕು ಮತ್ತು ಅದು ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಮಾಗಿರಬೇಕು. ಆದ್ದರಿಂದ ಕಾಕಂಬಿಯ ವಿಸ್ಕಿಯನ್ನು ಅಲ್ಲಿ ಆ ಹೆಸರಿನಲ್ಲಿ ಮಾರುವಂತಿಲ್ಲ. ಮೂಲವನ್ನು ನೋಡಿದರೆ ಅದು ರಮ್‌ಗೆ ಹತ್ತಿರದ್ದು. ಮಧ್ಯಮ ಬೆಲೆಯ ಅನೇಕ ಬಾಟಲಿಗಳಲ್ಲಿ ಕಾಕಂಬಿಯ ಬದಲು ಧಾನ್ಯದಿಂದ ತೆಗೆದ ಮದ್ಯಸಾರವೂ ಆಮದು ಮಾಡಿದ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ, ಮಾಲ್ಟೂ ಇರುತ್ತವೆ, ಮತ್ತು ಇದನ್ನು ಬಾಟಲಿಯ ಹಿಂಬದಿಯ ಚೀಟಿಯಲ್ಲಿ ಸಾಮಾನ್ಯವಾಗಿ ಹೆಮ್ಮೆಯಿಂದಲೇ ಬರೆದಿರುತ್ತಾರೆ.

ಇಂಥ ವಿಸ್ಕಿಗಳನ್ನು ಹೀಯಾಳಿಸುವ ಕಾರಣವಿಲ್ಲ. ಸೋಡಾ ಮತ್ತು ಮಂಜುಗಡ್ಡೆಯೊಂದಿಗೆ ಕುಡಿಯಲು ಅವು ತಕ್ಕಂತಿವೆ, ಕ್ವಾರ್ಟರ್ ಬಾಟಲಿಯಲ್ಲೂ ಸಿಗುತ್ತವೆ. ಆದರೆ ಶೈಲಿಗಳ ವ್ಯತ್ಯಾಸವನ್ನು ಅರಿಯಬೇಕೆಂದಾಗ ಅವು ಹೆಚ್ಚು ನೆರವಾಗುವುದಿಲ್ಲ, ಏಕೆಂದರೆ ಹೇಳಿಕೊಳ್ಳುವಂಥ ರುಚಿಯನ್ನೇ ತೆಗೆದುಹಾಕಿದ ಮದ್ಯಸಾರ ಅವುಗಳ ಬಹುಭಾಗವನ್ನು ತುಂಬಿರುತ್ತದೆ.

ಇದರ ಇನ್ನೊಂದು ತುದಿಯಲ್ಲಿರುವುದು ಸಿಂಗಲ್ ಮಾಲ್ಟ್. ಮೊಳಕೆ ಬರಿಸಿದ ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು ಮಾತ್ರ ಬಳಸಿ, ತಾಮ್ರದ ಹಂಡೆಯಂಥ ಬಟ್ಟಿಯಲ್ಲಿ ಇಳಿಸಿ, ಒಂದೇ ಡಿಸ್ಟಿಲರಿಯಲ್ಲಿ ತಯಾರಿಸಿದ್ದು ಅದು. ಇಲ್ಲಿ ‘ಸಿಂಗಲ್’ ಎಂಬುದನ್ನು ಹಲವರು ಒಂದೇ ಪೀಪಾಯಿ ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಕಲಬುರಗಿಯ ಒಂದೇ ದಾಲ್ ಮಿಲ್ಲಿನಿಂದ ಬಂದ ತೊಗರಿಬೇಳೆಯ ಹಾಗೆ, ಮಿಲ್ಲಿನೊಳಗೆ ಹಲವು ರಾಶಿಗಳು ಬೆರೆತಿರಬಹುದು, ಆದರೆ ಹೊರಗಿನ ಮಿಲ್ಲಿನದು ಸೇರಿರುವುದಿಲ್ಲ. ಬ್ಲೆಂಡೆಡ್ ಸ್ಕಾಚ್ ಎಂದರೆ ಬೇರೆ ಬೇರೆ ಡಿಸ್ಟಿಲರಿಗಳ ಮಾಲ್ಟ್ ವಿಸ್ಕಿಗಳನ್ನು, ಗೋಧಿ ಅಥವಾ ಮೆಕ್ಕೆಜೋಳದಿಂದ ಕಾಲಮ್ ಬಟ್ಟಿಯಲ್ಲಿ ತೆಗೆದ ಹಗುರವಾದ ಗ್ರೇನ್ ವಿಸ್ಕಿಯೊಂದಿಗೆ ಬೆರೆಸಿದ್ದು. ಏನಿಯಸ್ ಕಾಫಿ ಎಂಬ ಐರಿಷ್ ಅಬಕಾರಿ ಅಧಿಕಾರಿ 1830ರ ಸುಮಾರಿಗೆ ತನ್ನ ಹೊಸ ಕಾಲಮ್ ಬಟ್ಟಿಗೆ ಪೇಟೆಂಟ್ ಪಡೆದ ನಂತರವೇ ಈ ಹಗುರ ವಿಸ್ಕಿ ಹೇರಳವಾಗಿ ದೊರೆಯುವಂತಾಯಿತು, ಮತ್ತು ಬ್ಲೆಂಡ್‌ಗಳ ವ್ಯಾಪಾರ ಅದರ ಮೇಲೆಯೇ ನಿಂತಿತು. ವಿಚಿತ್ರವೆಂದರೆ ಅವನ ನಾಡಾದ ಐರ್ಲೆಂಡಿನವರು ಅದನ್ನು ಬಹುಕಾಲ ಒಪ್ಪಲಿಲ್ಲ.

ನಮ್ಮ ಅಂಗಡಿಗಳಲ್ಲಿ ಸಿಗುವ ಟೀಚರ್ಸ್, 100 ಪೈಪರ್ಸ್, ಬ್ಲ್ಯಾಕ್ ಅಂಡ್ ವೈಟ್ ಮುಂತಾದವು ಸ್ಕಾಟ್ಲೆಂಡಿನಲ್ಲಿ ಮಾಗಿ, ದೊಡ್ಡ ಪಾತ್ರೆಗಳಲ್ಲಿ ಇಲ್ಲಿಗೆ ಬಂದು, ಭಾರತದಲ್ಲಿ ಬಾಟಲಿ ಸೇರುವ ಬ್ಲೆಂಡ್‌ಗಳು. ಇವು ನಕಲಿ ಅಲ್ಲ, ನಿಜವಾದ ಸ್ಕಾಚ್‌ಗಳೇ. ತೆರಿಗೆಯ ಭಾರ ತಗ್ಗುವುದರಿಂದ ಬೆಲೆ ಕಡಿಮೆ. ಆದರೆ ಸಿಂಗಲ್ ಮಾಲ್ಟ್ ಸ್ಕಾಚ್‌ಗೆ ಈ ಅವಕಾಶವಿಲ್ಲ: 2012ರ ಕೊನೆಯಿಂದ ಅದನ್ನು ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ತುಂಬಬೇಕೆಂಬ ನಿಯಮವಿದೆ. ಭಾರತದಲ್ಲಿ ತುಂಬಿದ್ದೆಂದು ಹೇಳಿಕೊಳ್ಳುವ ಸಿಂಗಲ್ ಮಾಲ್ಟ್ ಸ್ಕಾಚ್ ಯಾರಾದರೂ ತೋರಿಸಿದರೆ ಅದನ್ನು ಅಲ್ಲಿಯೇ ಬಿಟ್ಟುಬರುವುದು ಒಳ್ಳೆಯದು.

ಬರ್ಬನ್‌ನಲ್ಲಿ ಧಾನ್ಯ ಬದಲಾಗುತ್ತದೆ. ಅಮೆರಿಕದ ನಿಯಮದಂತೆ ಅದರಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ, ನಮ್ಮ ಕಡೆಯವರ ಗೋವಿನಜೋಳ, ಇರಬೇಕು, ಮತ್ತು ಅದನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಆದ್ದರಿಂದ ಜಿಮ್ ಬೀಮ್‌ನಂಥ ಬರ್ಬನ್‌ನಲ್ಲಿ ಸಿಗುವ ವೆನಿಲ್ಲಾ ಮತ್ತು ಕಾಸಿದ ಸಕ್ಕರೆಯ ಸಿಹಿಯಲ್ಲಿ ಧಾನ್ಯದ ಪಾಲೆಷ್ಟು, ಹೊಸ ಮರದ ಪಾಲೆಷ್ಟು ಎಂದು ಸ್ಕಾಚ್‌ನೊಂದಿಗೆ ಹೋಲಿಸಿ ಬೇರ್ಪಡಿಸಲಾಗದು. ಮೂರು ಸಂಗತಿಗಳಲ್ಲಿ ಧಾನ್ಯವನ್ನು ಒಂಟಿಯಾಗಿ ಪರೀಕ್ಷಿಸುವುದೇ ಹೆಚ್ಚು ಕಷ್ಟ. ಜ್ಯಾಕ್ ಡೇನಿಯಲ್ಸ್‌ನಲ್ಲಿ ಶೇ. 80ರಷ್ಟು ಮೆಕ್ಕೆಜೋಳವಿದ್ದು, ಪೀಪಾಯಿಗೆ ಹೋಗುವ ಮುನ್ನ ಅದನ್ನು ಮೇಪಲ್ ಮರದ ಇದ್ದಿಲಿನ ಮೂಲಕ ಸೋಸುತ್ತಾರೆ, ಹೀಗಾಗಿ ಅದರ ಅಂಚು ಇನ್ನಷ್ಟು ಮೆತ್ತಗಾಗಿರುತ್ತದೆ. ಐರ್ಲೆಂಡಿನ ಜೇಮ್ಸನ್ ಮೂರು ಬಾರಿ ಬಟ್ಟಿ ಇಳಿದ ಹಗುರವಾದ ಬ್ಲೆಂಡ್. ಅದರ ಒಂದು ಭಾಗದಲ್ಲಿ ಮೊಳಕೆ ಬರಿಸದ ಬಾರ್ಲಿಯೂ ಇರುವುದರಿಂದ ನಾಲಿಗೆಗೆ ಕೊಂಚ ಎಣ್ಣೆಯ ನಯ ತಾಗುತ್ತದೆ. ವಿಸ್ಕಿಯ ಗಂಟಲುರಿಗೆ ಹೆದರುವವರಿಗೆ ಮೊದಲ ಬಾಟಲಿಯಾಗಿ ಇದನ್ನೇ ಸೂಚಿಸುವೆ. ಕೆನಡಾ ಮತ್ತು ಜಪಾನಿನ ವಿಸ್ಕಿಗಳು ನಮ್ಮ ಕಡೆ ಅಪರೂಪ, ಬೆಲೆಯೂ ಅತಿಯಾದದ್ದು, ಅವನ್ನು ಆಮೇಲೆ ನೋಡಿಕೊಂಡರಾಯಿತು. ಇಷ್ಟೆಲ್ಲ ಧಾನ್ಯಗಳ ನಡುವೆ ನಮ್ಮ ಬಿಳಿಜೋಳದ ಗತಿಯೇನು ಎಂದು ಯಾರಾದರೂ ಕೇಳಿದರೆ, ಜೋಳದಿಂದ ಬಟ್ಟಿ ಇಳಿಸುವ ಕಲೆ ಚೀನಾದವರ ಕೈಯಲ್ಲಿದೆ. ಅವರ ಬೈಜಿಯು ಬಹುಮಟ್ಟಿಗೆ ಜೋಳದ್ದೇ.

ಹೊಗೆ

ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಲು ಪೀಟ್ ಎಂಬ ಜೌಗು ನೆಲದ ಕೊಳೆತ ಸಸ್ಯಮಣ್ಣನ್ನು ಉರಿಸಿದಾಗ, ಅದರ ಹೊಗೆಯಲ್ಲಿರುವ ಫೀನಾಲ್‌ಗಳು ಕಾಳಿಗೆ ಅಂಟುತ್ತವೆ, ಮತ್ತು ಬಟ್ಟಿಯನ್ನೂ ಪೀಪಾಯಿಯನ್ನೂ ದಾಟಿ ಗ್ಲಾಸಿನವರೆಗೆ ಬರುತ್ತವೆ. ಇದರ ಪ್ರಮಾಣವನ್ನು ಪಿ.ಪಿ.ಎಂ. (ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ) ಲೆಕ್ಕದಲ್ಲಿ ಹೇಳುವುದುಂಟು, ಆರ್ಡ್‌ಬೆಗ್ ಬಳಸುವ ಬಾರ್ಲಿಯಲ್ಲಿ ಅದು ಸುಮಾರು 55. ಆದರೆ ಈ ಸಂಖ್ಯೆ ಕಾಳಿನಲ್ಲಿ ಅಳೆದದ್ದು, ಬಾಟಲಿಯಲ್ಲಿ ಅಳೆದದ್ದಲ್ಲ. ಬಟ್ಟಿ ಇಳಿಸುವಾಗ ಬಹಳಷ್ಟು ಕಳೆದುಹೋಗುವುದರಿಂದ ಎರಡು ಡಿಸ್ಟಿಲರಿಗಳ ಸಂಖ್ಯೆಗಳನ್ನು ಹೋಲಿಸಿ ತೀರ್ಪು ಕೊಡುವುದು ಸರಿಯಲ್ಲ.

ಹೊಗೆಯ ವಿಸ್ಕಿಯೆಂದರೆ ಸ್ಕಾಟ್ಲೆಂಡಿನ ಐಲಾ ದ್ವೀಪದ ಹೆಸರು ಬರುವುದು ಸಹಜ. ಲಫ್ರೋಯ್ಗ್, ಲಗಾವುಲಿನ್, ಆರ್ಡ್‌ಬೆಗ್ ಅಲ್ಲಿಯವೇ. ಆದರೆ ಊರಿನ ಹೆಸರು ಶೈಲಿಯ ಖಾತ್ರಿಯಲ್ಲ. ಅದೇ ದ್ವೀಪದ ಬುನ್ನಹಾವೆನ್ ಬಹುತೇಕ ಹೊಗೆಯಿಲ್ಲದ ವಿಸ್ಕಿ ಮಾಡುತ್ತದೆ, ಇತ್ತ ಸ್ಕೈ ದ್ವೀಪದ ಟ್ಯಾಲಿಸ್ಕರ್‌ನಲ್ಲಿ ಹೊಗೆಯೊಂದಿಗೆ ಕರಿಮೆಣಸಿನ ಚುರುಕು ಇದೆ. ಸ್ಕಾಟ್ಲೆಂಡಿನ ಕಾನೂನು ಗುರುತಿಸುವ ಐದು ಪ್ರದೇಶಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಬಾಟಲಿಯ ಮೇಲೆ ‘ಪೀಟೆಡ್’ ಎಂದಿದೆಯೇ ಎಂದು ನೋಡುವುದು ಕೊಳ್ಳುವವನಿಗೆ ಹೆಚ್ಚು ಉಪಯುಕ್ತ.

ಹೊಗೆಯನ್ನು ಒಂಟಿಯಾಗಿ ಅರಿಯಲು ನಮ್ಮ ದೇಶದಲ್ಲೇ ಚೊಕ್ಕ ಜೋಡಿಗಳಿವೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಸಾಧಾರಣ ಸಿಂಗಲ್ ಮಾಲ್ಟ್ ಮತ್ತು ಅದರ ಪೀಟೆಡ್ ರೂಪ, ಎರಡರಲ್ಲೂ ಮದ್ಯಸಾರ ಶೇ. 46. ಗೋವಾದ ಪಾಲ್ ಜಾನ್‌ನಲ್ಲಿ ಇನ್ನೂ ಒಂದು ಮೆಟ್ಟಿಲು ಹೆಚ್ಚು: ಬ್ರಿಲಿಯನ್ಸ್‌ನಲ್ಲಿ ಹೊಗೆಯಿಲ್ಲ, ಎಡಿಟೆಡ್‌ನಲ್ಲಿ ಸ್ವಲ್ಪ, ಬೋಲ್ಡ್‌ನಲ್ಲಿ ಧಾರಾಳ, ಮೂರೂ ಶೇ. 46ರವೇ. ಈ ಮೂರನ್ನು ಇದೇ ಕ್ರಮದಲ್ಲಿ ಮೂಸಿ ನೋಡಿದವರಿಗೆ ತಾವು ಹೊಗೆಯ ಪಕ್ಷವೋ ಅಲ್ಲವೋ ಎಂಬುದು ಅಂದೇ ತಿಳಿಯುತ್ತದೆ. ಅಷ್ಟು ಖರ್ಚು ಬೇಡವೆನ್ನುವವರು ಟೀಚರ್ಸ್ ಕೊಳ್ಳಬಹುದು. ಅದರಲ್ಲಿ ಸೇರುವ ಆರ್ಡ್‌ಮೋರ್ ಮಾಲ್ಟ್ ಪೀಟ್ ಹೊಗೆಯದು, ಸೋಡಾ ಹಾಕದೆ ನೋಡಿದರೆ ಅದರ ಸುಳಿವು ಸಿಗುತ್ತದೆ. ಮೊದಲ ಗುಟುಕಿಗೆ ಅಯೋಡಿನ್, ಆಸ್ಪತ್ರೆ ಎಂದು ಮುಖ ತಿರುಗಿಸುವವರಲ್ಲಿ ಅರ್ಧದಷ್ಟು ಜನ ನಂತರ ಇದಕ್ಕೇ ಒಲಿಯುತ್ತಾರೆಂಬ ಮಾತಿದೆ. ನನಗೇನೋ ಅದು ಉತ್ಪ್ರೇಕ್ಷೆ ಅನಿಸುತ್ತದೆ, ಒಲಿಯದವರು ಒಲಿಯದೆ ಇದ್ದರೂ ಯಾವ ನಷ್ಟವೂ ಇಲ್ಲ.

ಪೀಪಾಯಿ ಮತ್ತು ಬಿಸಿಲು

ಬಟ್ಟಿಯಿಂದ ಇಳಿದ ವಿಸ್ಕಿಗೆ ನೀರಿನ ಬಣ್ಣ. ಮುಂದೆ ಅದಕ್ಕೆ ಬರುವ ಬಣ್ಣವೂ ರುಚಿಯ ಬಹುಪಾಲೂ ಓಕ್ ಮರದಿಂದ ಬರುತ್ತವೆ. ಬರ್ಬನ್ ಎನಿಸಿಕೊಳ್ಳಲು ಹೊಸ ಪೀಪಾಯಿಯೇ ಬೇಕೆಂಬ ಅಮೆರಿಕದ ನಿಯಮದಿಂದಾಗಿ, ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗಳು ಲಕ್ಷಗಟ್ಟಲೆ ಸ್ಕಾಟ್ಲೆಂಡಿಗೂ ಭಾರತಕ್ಕೂ ಬರುತ್ತವೆ. ಅವುಗಳಲ್ಲಿ ಮಾಗಿದ ವಿಸ್ಕಿಯಲ್ಲಿ ವೆನಿಲ್ಲಾ, ಕೊಬ್ಬರಿ, ಜೇನಿನ ಛಾಯೆಗಳು ಕಾಣುತ್ತವೆ. ಸ್ಪೇನಿನ ಶೆರ್ರಿ ವೈನ್ ಹೀರಿದ ಪೀಪಾಯಿಗಳಲ್ಲಿ ಮಾಗಿದ್ದಕ್ಕೆ ಒಣದ್ರಾಕ್ಷಿ, ಅಂಜೂರ, ಲವಂಗದ ದಟ್ಟತನ ಬರುತ್ತದೆ. ಗ್ಲೆನ್‌ಡ್ರೊನಾಕ್, ಗ್ಲೆನ್‌ಫಾರ್ಕ್ಲಸ್ ಇದಕ್ಕೆ ಹೆಸರಾದವು. ಗ್ಲೆನ್‌ಮೊರಾಂಜಿಯ ಒರಿಜಿನಲ್ ಮತ್ತು ಲಸಾಂಟಾ ಇಲ್ಲಿ ಒಳ್ಳೆಯ ಜೋಡಿ, ಏಕೆಂದರೆ ಎರಡೂ ಒಂದೇ ಡಿಸ್ಟಿಲರಿಯವು, ಎರಡೂ ಬರ್ಬನ್ ಪೀಪಾಯಿಯಲ್ಲಿ ಆರಂಭವಾಗುತ್ತವೆ, ಎರಡನೆಯದು ಮಾತ್ರ ಕೊನೆಯ ಹಂತವನ್ನು ಶೆರ್ರಿ ಪೀಪಾಯಿಯಲ್ಲಿ ಕಳೆಯುತ್ತದೆ. ಹರಿಯಾಣದ ಇಂದ್ರಿಯಲ್ಲಿ ಬರ್ಬನ್, ಫ್ರೆಂಚ್ ವೈನ್ ಮತ್ತು ಶೆರ್ರಿ ಪೀಪಾಯಿಗಳ ವಿಸ್ಕಿಯನ್ನು ಕೂಡಿಸಿರುವುದರಿಂದ ಅದು ರುಚಿಗೆ ಚೆನ್ನಾಗಿದ್ದರೂ ಪಾಠಕ್ಕೆ ತೊಡಕು. ಬಣ್ಣವನ್ನು ನೋಡಿ ಮಾತ್ರ ಪೀಪಾಯಿಯನ್ನು ಊಹಿಸಬಾರದು. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲೇ ಅನುಮತಿಯಿದೆ.

ಬಾಟಲಿಯ ಮೇಲಿನ ವರ್ಷದ ಸಂಖ್ಯೆ ನಮ್ಮ ಕಡೆ ಬಹಳ ಜನರನ್ನು ದಾರಿತಪ್ಪಿಸುವ ಸಂಗತಿ. 12 ಎಂದಿದ್ದರೆ ಅದರಲ್ಲಿರುವ ಅತ್ಯಂತ ಎಳೆಯ ವಿಸ್ಕಿಗೆ 12 ವರ್ಷವಾಗಿದೆ ಎಂದರ್ಥ, ಅಷ್ಟೆ; ಮಾಗಿದ ವೇಗವನ್ನು ಆ ಸಂಖ್ಯೆ ಹೇಳುವುದಿಲ್ಲ. ತಂಪಾದ ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಅದು ಶೇ. 10ರಿಂದ 12ರವರೆಗೆ ಹೋಗುತ್ತದೆ. ಲೆಕ್ಕ ಹಾಕಿದರೆ, ಸ್ಕಾಟ್ಲೆಂಡಿನಲ್ಲಿ 100 ಲೀಟರ್ ಇಟ್ಟವನಿಗೆ 12 ವರ್ಷದ ಕೊನೆಗೆ ಸುಮಾರು 78 ಲೀಟರ್ ಉಳಿದರೆ, ಬೆಂಗಳೂರಿನವನಿಗೆ ಐದೇ ವರ್ಷಕ್ಕೆ 56 ಲೀಟರ್ ಉಳಿಯುತ್ತದೆ. ಬಿಸಿಗೆ ಮದ್ಯ ಮರದೊಳಗೆ ಹೆಚ್ಚು ಇಳಿದು ಬೇಗ ಸಾರ ಹೀರುತ್ತದೆ, ಮತ್ತು ಹೆಚ್ಚು ಕಾಲ ಬಿಟ್ಟರೆ ಮರದ ಒಗರೇ ಮೇಲುಗೈ ಪಡೆಯುತ್ತದೆ. ಹೀಗಾಗಿ ಭಾರತೀಯ ಮಾಲ್ಟ್‌ಗಳಲ್ಲಿ ವರ್ಷದ ಸಂಖ್ಯೆ ಬಹುತೇಕ ಇರುವುದೇ ಇಲ್ಲ. ಅದು ಕೊರತೆಯ ಗುರುತಲ್ಲ. ಅಮೃತ್‌ನವರು ತಮ್ಮ 8 ವರ್ಷದ ವಿಸ್ಕಿಯನ್ನು ‘ಗ್ರೀಡಿ ಏಂಜಲ್ಸ್’ ಎಂದು ಕರೆದದ್ದು ಆವಿಯಾಗಿ ಹೋದ ಆ ಪಾಲನ್ನೇ ನೆನೆದು.

1948ರಲ್ಲಿ ಆರಂಭವಾದ ಈ ಸಂಸ್ಥೆ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ಅನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಭಾರತದ ಬಾರ್ಲಿಯನ್ನೂ ಸ್ಕಾಟ್ಲೆಂಡಿನ ಪೀಟೆಡ್ ಬಾರ್ಲಿಯನ್ನೂ ಕೂಡಿಸಿದ ಅದರ ಫ್ಯೂಷನ್‌ಗೆ ವಿಮರ್ಶಕ ಜಿಮ್ ಮರ್ರೆ 2010ರ ತನ್ನ ಕೈಪಿಡಿಯಲ್ಲಿ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿರಿಸಿದ. ಶೇ. 50ರ ಈ ವಿಸ್ಕಿಯಲ್ಲಿ ಹೊಗೆಯೂ ಹಣ್ಣಿನ ಸಿಹಿಯೂ ಒಟ್ಟಿಗಿವೆ. ಅದೇ ಬೆಲೆಗೆ ಸಿಗುವ ಆಮದು ಬ್ಲೆಂಡ್‌ಗೂ ಇದಕ್ಕೂ ನಡುವೆ ಆರಿಸಬೇಕಾಗಿ ಬಂದರೆ, ನಾನು ಯೋಚಿಸದೆ ಇದನ್ನು ಆರಿಸುವೆ.

ನಮ್ಮ ಹವೆಯಲ್ಲಿ ಸವಿಯುವ ಬಗೆ

ವಿಸ್ಕಿಯ ಪುಸ್ತಕಗಳು ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎಂದು ಹೇಳುವಾಗ ಅವುಗಳ ಮನಸ್ಸಿನಲ್ಲಿರುವುದು 20 ಡಿಗ್ರಿಯ ಆಸುಪಾಸಿನ ಕೋಣೆ. ಮೇ ತಿಂಗಳಿನಲ್ಲಿ ಹೊರಗೆ 40 ದಾಟುವ ಕಲಬುರಗಿ, ಯಾದಗಿರಿಗಳಲ್ಲಿ ಸಂಜೆಯ ಕೋಣೆಯೂ ಕುದಿಯುತ್ತಿರುತ್ತದೆ, ಅಂಥಲ್ಲಿ ಗ್ಲಾಸಿಗೆ ಮೂಗಿಟ್ಟರೆ ಮದ್ಯಸಾರದ ಆವಿಯೊಂದೇ ಚುಚ್ಚುತ್ತದೆ. ಹಾಗೆಂದು ಗ್ಲಾಸಿನ ತುಂಬ ಮಂಜುಗಡ್ಡೆ ಹಾಕಿದರೆ ಪರಿಮಳವೇ ಮುಚ್ಚಿಹೋಗುತ್ತದೆ. ಮುಚ್ಚಿದ ಬಾಟಲಿಯನ್ನು ಹರವಿಯ ತಣ್ಣೀರು ತುಂಬಿದ ಬಕೆಟ್‌ನಲ್ಲಿ ಅರ್ಧ ತಾಸು ನಿಲ್ಲಿಸುವುದು, ಇಲ್ಲವೇ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಡುವುದು ಇದಕ್ಕೆ ಸಾಕಾದ ಉಪಾಯ. ಬಾಯಿ ಕಿರಿದಾದ ಗ್ಲಾಸು ಪರಿಮಳವನ್ನು ಹಿಡಿದಿಡುತ್ತದೆ. ವಿಸ್ಕಿಯದೇ ಗ್ಲಾಸು ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ನಡೆಯುತ್ತದೆ, ಅಗಲ ಬಾಯಿಯ ಸ್ಟೀಲ್ ಲೋಟ ನಡೆಯುವುದಿಲ್ಲ.

ಮೊದಲು ನೀರಿಲ್ಲದೆ ಮೂಸಿ, ಒಂದು ಹನಿಯಷ್ಟು ನಾಲಿಗೆಗೆ ತಾಗಿಸಿ, ನಂತರ ನೀರು ಸೇರಿಸಬೇಕು. ಶೇ. 46ರ ವಿಸ್ಕಿ 15 ಎಂ.ಎಲ್. ಇದ್ದರೆ ಅರ್ಧ ಟೀ ಚಮಚ ನೀರಿಗೆ ಅದು ಸುಮಾರು ಶೇ. 40ಕ್ಕೆ ಇಳಿಯುತ್ತದೆ. ನೀರಿನಿಂದ ಪರಿಮಳ ಅರಳುತ್ತದೆಂಬುದು ಬರೀ ನಂಬಿಕೆಯಲ್ಲ: ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಮಾದರಿಯ ಮೂಲಕ, ಹೊಗೆಯ ಪರಿಮಳಕ್ಕೆ ಕಾರಣವಾದ ಗ್ವಾಯಕಾಲ್ ಎಂಬ ಅಣು ಮದ್ಯಸಾರ ಶೇ. 45ರವರೆಗಿದ್ದಾಗ ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತದೆಂದು ತೋರಿಸಿದರು. ಆದರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಇದಕ್ಕೆ ಆಗದು, ಫಿಲ್ಟರ್ ನೀರೇ ಬೇಕು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಅಮೃತ್, ಆರ್ಡ್‌ಬೆಗ್‌ನಂಥ ಶೇ. 46ರ ವಿಸ್ಕಿಗಳನ್ನು ತಣ್ಣಗೆ ಮಾಡಿ ಸೋಸಿರುವುದಿಲ್ಲ, ಹೀಗಾಗಿ ತಣ್ಣೀರು ಬಿದ್ದೊಡನೆ ಗ್ಲಾಸಿನ ತಳದಲ್ಲಿ ತೆಳುವಾದ ಮಬ್ಬು ಸುತ್ತಿಕೊಂಡು, ಹೊಂಬಣ್ಣ ಕೊಂಚ ಹಾಲಿನ ಛಾಯೆಗೆ ತಿರುಗುತ್ತದೆ. ಕಲಬೆರಕೆಯೆಂದು ಅದನ್ನು ಅಂಗಡಿಗೆ ಹೊತ್ತೊಯ್ದು ಜಗಳವಾಡಿದವರಿದ್ದಾರೆ. ಮಬ್ಬಿಗೆ ಕಾರಣ ಮದ್ಯಸಾರ ಕಡಿಮೆಯಾದಾಗ ಕರಗದೆ ಉಳಿಯುವ ಕೊಬ್ಬಿನಂಶದ ಎಸ್ಟರ್‌ಗಳು, ಅವೇ ವಿಸ್ಕಿಗೆ ಮೈ ಕೊಡುವಂಥವು. ಅಂಗಡಿಯ ಸಾಮಾನ್ಯ ಬ್ಲೆಂಡ್‌ಗಳು ಶೇ. 42.8ರವು, ಅಂದರೆ ಚೀಟಿಯ ಮೇಲೆ 25 ಯು.ಪಿ. ಎಂದು ಬರೆದಿರುವವು, ಸೋಸಿದವಾದ್ದರಿಂದ ಮಬ್ಬಾಗುವುದಿಲ್ಲ.

ಚಕ್ಕನಾ, ಅಂದರೆ ಕುಡಿಯುವಾಗ ನಂಚಿಕೊಳ್ಳುವ ತಿನಿಸಿನ ವಿಷಯದಲ್ಲಿ ಕಲಬುರಗಿಯವರಿಗೆ ಅಪ್ರಿಯವಾದ ಮಾತೊಂದನ್ನು ಹೇಳಲೇಬೇಕು: ಮಿರ್ಚಿ ಭಜಿ ತಿಂದ ನಾಲಿಗೆಗೆ 12 ವರ್ಷದ ಮಾಲ್ಟೂ ಕ್ವಾರ್ಟರ್ ಬಾಟಲಿಯೂ ಒಂದೇ. ಹೋಲಿಸುವ ಹೊತ್ತಿನಲ್ಲಿ ಖಾರವಿಲ್ಲದ ಹುರಿದ ಶೇಂಗಾ, ನಡುನಡುವೆ ನಾಲಿಗೆ ಶುಚಿಗೊಳಿಸಲು ಒಂದು ಚೂರು ಖಡಕ್ ರೊಟ್ಟಿ ಸಾಕು. ಈ ಕೆಲಸಕ್ಕೆ ಬಿಸ್ಕತ್ತಿಗಿಂತ ಖಡಕ್ ರೊಟ್ಟಿ ಮೇಲು, ಸಿಹಿಯಿಲ್ಲ, ಎಣ್ಣೆಯಿಲ್ಲ. ಹೋಲಿಕೆ ಮುಗಿದ ಮೇಲೆ ಸೀಖ್ ಕಬಾಬ್ ಬರಲಿ, ಹೊಗೆಯ ವಿಸ್ಕಿಗೆ ಅದರಷ್ಟು ಹೊಂದುವುದು ಬೇರೆಯಿಲ್ಲ. ಹೊಗೆಯದನ್ನು ಯಾವಾಗಲೂ ಕೊನೆಗೆ ಇರಿಸಿಕೊಳ್ಳಬೇಕು, ಅದರ ನಂತರ ಹಗುರವಾದದ್ದು ಯಾವುದೂ ಮೂಗಿಗೆ ನಿಲುಕುವುದಿಲ್ಲ.

ಕೊಳ್ಳುವಾಗ

ಸಿಂಗಲ್ ಮಾಲ್ಟ್‌ಗಳು ಬಹುತೇಕ ಫುಲ್ ಬಾಟಲಿಯಲ್ಲೇ ಬರುವುದರಿಂದ ನಾಲ್ವರು ಸೇರಿ ಎರಡು ಕೊಳ್ಳುವುದು ಒಬ್ಬರೇ ಒಂದು ಕೊಳ್ಳುವುದಕ್ಕಿಂತ ಲಾಭ. ಸಿಹಿ ಇಷ್ಟಪಡುವವರು ಬರ್ಬನ್‌ನಿಂದ, ಹಗುರ ಬೇಕೆನ್ನುವವರು ಜೇಮ್ಸನ್‌ನಿಂದ, ಈಗಾಗಲೇ ಬ್ಲೆಂಡೆಡ್ ಸ್ಕಾಚ್ ರೂಢಿಯಿದ್ದು ಮುಂದಿನ ಹೆಜ್ಜೆ ಹುಡುಕುವವರು ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್‌ಗಳಿಗೆ ಹೋಗುವ ಬದಲು ಅಮೃತ್ ಅಥವಾ ಪಾಲ್ ಜಾನ್ ಜೋಡಿಯಿಂದ ಆರಂಭಿಸಲಿ ಎಂಬುದು ನನ್ನ ಸಲಹೆ. ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ ಆ ಎರಡು ಸಿಂಗಲ್ ಮಾಲ್ಟ್‌ಗಳು ಕೆಟ್ಟವೆಂದಲ್ಲ, ಅವುಗಳಿಗೆ ನಾವು ಕೊಡುವ ಹಣದಲ್ಲಿ ದೊಡ್ಡ ಪಾಲು ಸುಂಕದ್ದು. ಸ್ಕಾಚ್‌ನ ಮೇಲಿನ ಆಮದು ಸುಂಕವನ್ನು ಶೇ. 150ರಿಂದ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುವ ಒಪ್ಪಂದಕ್ಕೆ ಭಾರತ ಮತ್ತು ಬ್ರಿಟನ್ 2025ರ ಜುಲೈನಲ್ಲಿ ಸಹಿ ಹಾಕಿವೆ. ಬರ್ಬನ್‌ನ ಸುಂಕ ಅದೇ ವರ್ಷದ ಫೆಬ್ರುವರಿಯಲ್ಲಿ ಶೇ. 100ಕ್ಕೆ ಇಳಿಯಿತು. ಆದರೆ ಅಂಗಡಿಯ ಬೆಲೆಯಲ್ಲಿ ರಾಜ್ಯದ ಅಬಕಾರಿ ತೆರಿಗೆಯೂ ಇರುವುದರಿಂದ ಅದೇ ಪ್ರಮಾಣದಲ್ಲಿ ಅಗ್ಗವಾಗುತ್ತದೆಂದು ಭಾವಿಸಬಾರದು.

ಬೀದರ್, ಕಲಬುರಗಿಯ ಅನೇಕ ಮನೆಗಳ ಮಂದಿ ಗಲ್ಫ್ ದೇಶಗಳಿಂದ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದ ಮೂಲಕ ಊರಿಗೆ ಬರುತ್ತಾರೆ. ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್ ತರಲು ಅವಕಾಶವಿದೆ. ಹೇಳಿ ತರಿಸುವುದಾದರೆ, ಇಲ್ಲಿಯೂ ಸಿಗುವ ಬ್ಲೆಂಡ್ ಅನ್ನು ತರಿಸಿ ಆ ಅವಕಾಶವನ್ನು ಕಳೆಯದೆ, ಶೆರ್ರಿ ಪೀಪಾಯಿಯದೊಂದು, ಐಲಾದ ಹೊಗೆಯದೊಂದು ತರಲು ಹೇಳುವುದು ಜಾಣತನ, ಏಕೆಂದರೆ ನಮ್ಮ ಜಿಲ್ಲೆಗಳ ಅಂಗಡಿಗಳಲ್ಲಿ ಇವೆರಡೂ ಅಪರೂಪ. ತೆಲಂಗಾಣದ ಗಡಿ ದಾಟಿ ಬರುವಾಗ ಖರೀದಿಯ ಬಿಲ್ಲು ಬಾಟಲಿಯ ಜೊತೆಗೇ ಇರಲಿ. ರಾಜ್ಯದಿಂದ ರಾಜ್ಯಕ್ಕೆ ಮದ್ಯ ಒಯ್ಯುವುದಕ್ಕೆ ಅಬಕಾರಿ ನಿಯಮಗಳಿವೆ.

ಮನೆಯಲ್ಲಿ ಬಾಟಲಿಯನ್ನು ವೈನಿನಂತೆ ಮಲಗಿಸದೆ ನಿಲ್ಲಿಸಿಯೇ ಇಡಬೇಕು, ಇಲ್ಲವಾದರೆ ಮದ್ಯ ಬಿರಡೆಯನ್ನು ತಿನ್ನುತ್ತದೆ. ಕಿಟಕಿಯ ಬಿಸಿಲು ಬೀಳದ, ಪತ್ರಾಸಿನ ಛಾವಣಿಯ ಕಾವು ತಗಲದ ಅಲಮಾರಿನ ಕೆಳಗಿನ ಖಾನೆ ಸೂಕ್ತ. ಬಾಟಲಿಯಲ್ಲಿ ಕಾಲುಭಾಗಕ್ಕಿಂತ ಕಡಿಮೆ ಉಳಿದಾಗ ಒಳಗಿನ ಗಾಳಿ ಪರಿಮಳವನ್ನು ಬೇಗ ಮಂಕುಗೊಳಿಸುತ್ತದೆ, ಅದನ್ನು ಸಣ್ಣ ಸೀಸೆಗೆ ಬಗ್ಗಿಸಿ, ಬಾಯಿಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ಮುಂದಿನ ಹೋಲಿಕೆಯವರೆಗೆ ಉಳಿಯುತ್ತದೆ.